ಹೊಸ ಕೃಷಿ ಯಂತ್ರ ಆರಿಸುವುದು ಹೇಗೆ: ಮೊದಲು ಕೆಲಸದ ಲೆಕ್ಕ, ಆಮೇಲೆ ಯಂತ್ರ

ತಾನೇ ಸಾಲು ಹಿಡಿದು ಓಡುವ ಟ್ರ್ಯಾಕ್ಟರ್ ಬಂದಿದೆ. ಕಳೆಯನ್ನು ಗುರುತಿಸಿ ಅದಕ್ಕಷ್ಟೇ ಔಷಧಿ ಹೊಡೆಯುವ ಸ್ಪ್ರೇಯರ್ ಬಂದಿದೆ. ಡ್ರೋನ್, ಬ್ಯಾಟರಿ ಟ್ರ್ಯಾಕ್ಟರ್, ಕಳೆ ತೆಗೆಯುವ ರೋಬೋಟ್ ಎಲ್ಲವೂ ಬಂದಿವೆ. ಕೃಷಿ ಮೇಳದಲ್ಲಿ ನಿಂತು ನೋಡಿದರೆ ಎಲ್ಲವೂ ಬೇಕು ಅನ್ನಿಸುತ್ತದೆ. ಆದರೆ ಒಂದು ಯಂತ್ರ ನಿಮಗೆ ಲಾಭವೋ ಹೊರೆಯೋ ಎನ್ನುವುದನ್ನು ಅದರ ಹೊಸತನ ತೀರ್ಮಾನಿಸುವುದಿಲ್ಲ. ಹೊಲ ಹದಕ್ಕೆ ಬಂದ ಆ ಕೆಲವೇ ದಿನಗಳಲ್ಲಿ ಅದು ಕೆಲಸ ಮುಗಿಸುತ್ತದೆಯೇ ಎನ್ನುವುದು ತೀರ್ಮಾನಿಸುತ್ತದೆ. ಹಾಗಾಗಿ ಯಂತ್ರದ ಪಟ್ಟಿ ನೋಡುವ ಮೊದಲು ಕಾಗದ, ಪೆನ್ನು ತೆಗೆದುಕೊಳ್ಳಿ.

1. ನಿಮ್ಮ ಬಳಿ ಎಷ್ಟು ದಿನ ಇದೆ, ಬರೆಯಿರಿ

ಬಿತ್ತನೆಗೆ, ಔಷಧಿ ಹೊಡೆಯಲು, ಕಟಾವಿಗೆ ಒಂದೊಂದಕ್ಕೂ ಒಂದು ಅವಧಿ ಇರುತ್ತದೆ. ಅದು ದಾಟಿದರೆ ಇಳುವರಿ ಬೀಳುತ್ತದೆ. ಆ ಅವಧಿಯ ಎಲ್ಲ ದಿನಗಳೂ ಕೆಲಸಕ್ಕೆ ಸಿಗುವುದಿಲ್ಲ. ಮಳೆ ಬರುತ್ತದೆ, ಮಣ್ಣು ಅಂಟುತ್ತದೆ, ಗಾಳಿ ಬೀಸುತ್ತದೆ. ಹಿಂದಿನ ವರ್ಷಗಳನ್ನು ನೆನಪಿಸಿಕೊಂಡು, ನಿಜವಾಗಿ ಹೊಲಕ್ಕೆ ಇಳಿಯಲು ಆದ ದಿನಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಈಗ ಯಂತ್ರದ ಕಡೆ. ಅಗಲವನ್ನು ಮೀಟರ್‌ನಲ್ಲಿ, ವೇಗವನ್ನು ಗಂಟೆಗೆ ಕಿಲೋಮೀಟರ್‌ನಲ್ಲಿ ತೆಗೆದುಕೊಳ್ಳಿ. ಎರಡನ್ನೂ ಗುಣಿಸಿ 10ರಿಂದ ಭಾಗಿಸಿ. ಗಂಟೆಗೆ ಎಷ್ಟು ಹೆಕ್ಟೇರ್ ಎಂಬುದು ಸಿಗುತ್ತದೆ. 2 ಮೀಟರ್ ಅಗಲದ ಕೂರಿಗೆ ಗಂಟೆಗೆ 5 ಕಿ.ಮೀ. ಓಡಿದರೆ ಗಂಟೆಗೆ 1 ಹೆಕ್ಟೇರ್, ಅಂದರೆ 2.47 ಎಕರೆ. ಆದರೆ ಇದು ಕಾಗದದ ಲೆಕ್ಕ. ತಿರುಗಿಸುವುದು, ಬೀಜ ತುಂಬುವುದು, ಸಾಲಿನ ಮೇಲೆ ಸಾಲು ಹೋಗುವುದು ಇವೆಲ್ಲ ಕಳೆದರೆ ಬಿತ್ತನೆಯಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲಿನ ಆಸುಪಾಸು ಉಳಿಯುತ್ತದೆ. ಚಿಕ್ಕ, ಸೊಟ್ಟ ಹೊಲಗಳಾದರೆ ಇನ್ನೂ ಕಡಿಮೆ. ಮುಕ್ಕಾಲು ಪಾಲು ಎಂದುಕೊಂಡರೂ ಗಂಟೆಗೆ ಸುಮಾರು 1.85 ಎಕರೆ.

ನಿಮಗೆ 30 ಎಕರೆ ಇದೆ, ಕೆಲಸಕ್ಕೆ ಸಿಗುವುದು 3 ದಿನ, ದಿನಕ್ಕೆ 6 ಗಂಟೆ ಯಂತ್ರ ಓಡುತ್ತದೆ ಎಂದುಕೊಳ್ಳಿ. ಗಂಟೆಗೆ 1.7 ಎಕರೆ ಆಗಬೇಕು. ಹಾಗಾದರೆ ಆ 2 ಮೀಟರ್ ಕೂರಿಗೆ ಸಾಕು. ಇದಕ್ಕಿಂತ ದೊಡ್ಡದು ತಂದರೆ ಅದನ್ನು ಎಳೆಯಲು ದೊಡ್ಡ ಟ್ರ್ಯಾಕ್ಟರ್ ಬೇಕು, ಅದರ ಭಾರಕ್ಕೆ ಮಣ್ಣು ಗಟ್ಟಿಯಾಗುತ್ತದೆ. ಒಂದು ಹೆಜ್ಜೆ ಅಳತೆ ತಪ್ಪಿದರೆ ಮುಂದಿನ ಎಲ್ಲ ಖರ್ಚೂ ಅದರ ಹಿಂದೆಯೇ ಬರುತ್ತದೆ.

2. ಕೊಳ್ಳುವುದೋ, ಬಾಡಿಗೆಗೆ ತರುವುದೋ

ಕೃಷಿ ಉದ್ಯಮದ ಈಗಿನ ದೊಡ್ಡ ಬದಲಾವಣೆ ಯಾವುದು ಅಂದರೆ ನಾನು ರೋಬೋಟ್ ಎನ್ನುವುದಿಲ್ಲ. ಬಾಡಿಗೆ ಮತ್ತು ಹಂಚಿಕೆ ಎನ್ನುತ್ತೇನೆ. ಯಂತ್ರಗಳು ಎಷ್ಟು ದೊಡ್ಡದಾಗಿ, ದುಬಾರಿಯಾಗಿ ಬೆಳೆದಿವೆ ಅಂದರೆ ಒಬ್ಬರ ಹೊಲ ಅವನ್ನು ತುಂಬಿಸುವುದಿಲ್ಲ.

ಲೆಕ್ಕ ಸುಲಭ. ಯಂತ್ರ ಓಡಲಿ ಬಿಡಲಿ, ವರ್ಷ ವರ್ಷ ತಗಲುವ ಖರ್ಚು ಒಂದು: ಮೌಲ್ಯ ಇಳಿಯುವುದು, ಬಡ್ಡಿ, ವಿಮೆ, ಶೆಡ್ಡು. ಓಡಿದಷ್ಟೂ ತಗಲುವ ಖರ್ಚು ಇನ್ನೊಂದು: ಡೀಸೆಲ್, ಚಾಲಕ, ರಿಪೇರಿ. ವರ್ಷದ ಸ್ಥಿರ ಖರ್ಚನ್ನು 100 ಪಾಲು ಎಂದುಕೊಳ್ಳಿ. ಬಾಡಿಗೆ ಯಂತ್ರಕ್ಕೆ ಎಕರೆಗೆ 4 ಪಾಲು ಆಗುತ್ತದೆ ಎಂದುಕೊಳ್ಳಿ. ನಿಮ್ಮದೇ ಯಂತ್ರವಾದರೆ ಓಡಿಸುವ ಖರ್ಚು ಎಕರೆಗೆ ಒಂದೂವರೆ ಪಾಲು. ಉಳಿಯುವುದು ಎರಡೂವರೆ. 100ನ್ನು ಎರಡೂವರೆಯಿಂದ ಭಾಗಿಸಿದರೆ 40. ವರ್ಷಕ್ಕೆ 40 ಎಕರೆ ಕೆಲಸ ಇಲ್ಲದಿದ್ದರೆ ಕೊಳ್ಳುವುದು ನಷ್ಟ. 25 ಎಕರೆಯಷ್ಟೇ ಇದ್ದರೆ ಉಳಿದ 15 ಎಕರೆ ಬೇರೆಯವರ ಹೊಲದಲ್ಲಿ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಬಾಡಿಗೆಗೂ ಒಂದು ಕಷ್ಟ ಇದೆ. ಎಲ್ಲರಿಗೂ ಒಂದೇ ವಾರ ಯಂತ್ರ ಬೇಕು, ಅಲ್ವಾ? ನಿಮ್ಮ ಸರದಿ ಬರುವಷ್ಟರಲ್ಲಿ ಹದ ಹೋಗಿರುತ್ತದೆ. ಆ ತಡದ ನಷ್ಟವನ್ನೂ ಬಾಡಿಗೆಗೆ ಸೇರಿಸಿ ನೋಡಿ. ನನ್ನ ಅಭಿಪ್ರಾಯದಲ್ಲಿ ಬಿತ್ತನೆ ಮತ್ತು ಔಷಧಿ ಹೊಡೆಯುವ ಸಾಧನ ಸ್ವಂತದ್ದಿರಲಿ. ದಿನ ತಪ್ಪಿದರೆ ಇವೆರಡರಲ್ಲೇ ಏಟು ಜೋರು. ಕಟಾವು ಯಂತ್ರ, ಹೊಲ ಸಮತಟ್ಟು ಮಾಡುವ ಲೇಸರ್ ಲೆವೆಲರ್, ಆಳ ಉಳುಮೆಯ ಸಾಧನ ಬಾಡಿಗೆಗೆ ಸಾಕು. ಕಟಾವಿನ ದಿನವನ್ನು ಮಾತ್ರ ಮೊದಲೇ ಗೊತ್ತು ಮಾಡಿಕೊಳ್ಳಿ.

3. ಟ್ರ್ಯಾಕ್ಟರ್‌ಗೂ ಹಿಂದಿನ ಸಾಧನಕ್ಕೂ ಜೋಡಿ ಹೊಂದಿಸಿ

ಎಚ್‌ಪಿ ಎಷ್ಟು ಎಂದು ಕೇಳುವವರು ಜಾಸ್ತಿ. ಯಾವ ಎಚ್‌ಪಿ ಎಂದು ಕೇಳುವವರು ಕಡಿಮೆ. ಬ್ರೋಷರ್‌ನಲ್ಲಿ ಬರೆದಿರುವುದು ಹೆಚ್ಚಾಗಿ ಎಂಜಿನ್ ಎಚ್‌ಪಿ. ಹಿಂದೆ ಜೋಡಿಸಿದ ಸಾಧನವನ್ನು ತಿರುಗಿಸುವ ಪಿಟಿಒ ಶಾಫ್ಟ್‌ಗೆ ಬರುವುದು ಅದರ ಸುಮಾರು ಶೇ 85ರಿಂದ 90. ಸಡಿಲ ಮಣ್ಣಿನಲ್ಲಿ ನೇಗಿಲು ಎಳೆಯಲು ಸಿಗುವುದಂತೂ ಅರ್ಧದ ಹತ್ತಿರ. ರೋಟವೇಟರ್‌ನಂಥ ತಿರುಗುವ ಸಾಧನಕ್ಕೆ ಪಿಟಿಒ ಎಚ್‌ಪಿ ನೋಡಿ. ನೇಗಿಲು, ಕಲ್ಟಿವೇಟರ್‌ಗೆ ಎಳೆಯುವ ಶಕ್ತಿ ನೋಡಿ.

ಮಾರುವವರ ಮಾತಿನ ಮೇಲೆ ನಿಲ್ಲಬೇಕಾಗಿಲ್ಲ. ಟ್ರ್ಯಾಕ್ಟರ್‌ಗಳ ಬಗ್ಗೆ ಸುಳ್ಳು ಎಚ್‌ಪಿ ಹೇಳುವುದು ಜಾಸ್ತಿಯಾದಾಗ ಅಮೆರಿಕದ ನೆಬ್ರಾಸ್ಕ ರಾಜ್ಯ 1919ರಲ್ಲಿ ಪರೀಕ್ಷೆ ಕಡ್ಡಾಯ ಮಾಡುವ ಕಾನೂನು ತಂದಿತು. 1920ರಿಂದ ಅಲ್ಲಿ ಪರೀಕ್ಷೆಗಳು ನಡೆಯುತ್ತಿವೆ. ಆಮೇಲೆ ಹಲವು ದೇಶಗಳು ಸೇರಿ ಒಪ್ಪಿಕೊಂಡ ಒಇಸಿಡಿ ಪರೀಕ್ಷಾ ನಿಯಮಗಳೂ ಬಂದವು. ಪಿಟಿಒ ಶಕ್ತಿ, ಎಳೆಯುವ ಶಕ್ತಿ, ಎತ್ತುವ ಶಕ್ತಿ, ಡೀಸೆಲ್ ಬಳಕೆ ಎಲ್ಲವೂ ಆ ವರದಿಗಳಲ್ಲಿ ಇರುತ್ತವೆ. ನಿಮಗೆ ಬೇಕಾದ ಮಾಡೆಲ್‌ನ ಪರೀಕ್ಷಾ ವರದಿ ಕೇಳಿ ಪಡೆಯಿರಿ. ಕೊಡಲು ಹಿಂದೆಮುಂದೆ ನೋಡಿದರೆ ನಾನಂತೂ ಬೇರೆ ಮಾಡೆಲ್ ನೋಡುತ್ತೇನೆ.

ಜೋಡಿಸುವ ಕಡೆ ನೋಡಬೇಕಾದದ್ದು ಮೂರು. ಮೊದಲನೆಯದು ತ್ರೀ ಪಾಯಿಂಟ್ ಲಿಂಕೇಜ್, ಅಂದರೆ ಸಾಧನವನ್ನು ಟ್ರ್ಯಾಕ್ಟರ್ ಹಿಂದೆ ಮೂರು ಕಡೆ ಹಿಡಿದು ಎತ್ತುವ ಜೋಡಣೆ. ಇದರ ಹಿಂದೆ ಎಂಜಿನಿಯರ್ ಹ್ಯಾರಿ ಫರ್ಗುಸನ್ ಅವರ ಕೆಲಸ ಇದೆ. 1939ರ ಫೋರ್ಡ್ 9ಎನ್ ಟ್ರ್ಯಾಕ್ಟರ್‌ನೊಂದಿಗೆ ಅದು ಎಲ್ಲೆಡೆ ಹರಡಿತು. ಇವತ್ತು ಅದಕ್ಕೆ ಕ್ಯಾಟಗರಿಗಳಿವೆ. ಕ್ಯಾಟಗರಿ 1ರಲ್ಲಿ ಕೆಳಗಿನ ಪಿನ್ನು ಸುಮಾರು 22 ಮಿ.ಮೀ., ಕ್ಯಾಟಗರಿ 2ರಲ್ಲಿ ಸುಮಾರು 28 ಮಿ.ಮೀ. ದಪ್ಪ. ಹೊಂದದಿದ್ದರೆ ಸರಿಯಾದ ಬುಷ್ ಹಾಕಿಸಿ. ಸಿಕ್ಕ ಬೋಲ್ಟ್ ತೂರಿಸುವುದು ಅಪಾಯ. ಎರಡನೆಯದು ಪಿಟಿಒ ವೇಗ. ನಿಮಿಷಕ್ಕೆ 540 ಸುತ್ತು ಎಂದು ಮಾಡಿದ ಸಾಧನವನ್ನು 1000 ಸುತ್ತಿನಲ್ಲಿ ಓಡಿಸಿದರೆ ಗೇರ್‌ಬಾಕ್ಸ್ ಒಡೆಯುತ್ತದೆ. ಮೂರನೆಯದು ಮುಂದಿನ ಭಾರ. ಸಾಧನವನ್ನು ಮೇಲಕ್ಕೆತ್ತಿದಾಗಲೂ ಟ್ರ್ಯಾಕ್ಟರ್‌ನ ಖಾಲಿ ತೂಕದ ಕನಿಷ್ಠ ಶೇ 20ರಷ್ಟು ಮುಂದಿನ ಚಕ್ರಗಳ ಮೇಲೆ ಇರಬೇಕು. ಇಲ್ಲದಿದ್ದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ.

ಮಣ್ಣಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಮೇಲ್ಮಣ್ಣು ಗಟ್ಟಿಯಾಗುವುದು ಮುಖ್ಯವಾಗಿ ಟೈರ್ ಒತ್ತಡದಿಂದ. ಆಳದ ಮಣ್ಣು ಗಟ್ಟಿಯಾಗುವುದು ಮುಖ್ಯವಾಗಿ ಆಕ್ಸಲ್ ಮೇಲಿನ ಒಟ್ಟು ಭಾರದಿಂದ. ಅಗಲ ಟೈರ್ ಹಾಕಿ, ಗಾಳಿ ಇಳಿಸಿ ಮೇಲ್ಮಣ್ಣನ್ನು ಕಾಪಾಡಬಹುದು. ಆಳದ ಮಣ್ಣಿಗೆ ಅದು ಅಷ್ಟಾಗಿ ಸಹಾಯ ಮಾಡುವುದಿಲ್ಲ. ಅಲ್ಲಿ ಒಮ್ಮೆ ಗಟ್ಟಿಯಾದದ್ದು ಎಷ್ಟೋ ವರ್ಷ ಹಾಗೇ ಉಳಿಯುತ್ತದೆ. ಬೇರು ಕೆಳಗೆ ಇಳಿಯುವುದಿಲ್ಲ, ನೀರು ಇಂಗುವುದಿಲ್ಲ. ಎರಡು ಟ್ರ್ಯಾಕ್ಟರ್‌ಗಳ ನಡುವೆ ಆಯ್ಕೆ ಇದ್ದು ಎರಡೂ ನಿಮ್ಮ ಕೆಲಸ ಮುಗಿಸುವಂತಿದ್ದರೆ ಹಗುರವಾದದ್ದನ್ನೇ ತನ್ನಿ. ಬೇಕಾದಾಗ ಭಾರ ಸೇರಿಸಬಹುದು. ಟ್ರ್ಯಾಕ್ಟರ್‌ನ ಸ್ವಂತ ಭಾರ ಕಳೆಯಲು ಆಗುವುದಿಲ್ಲ.

4. ಹೊಸ ತಂತ್ರಜ್ಞಾನದಲ್ಲಿ ಯಾವುದು ನಿಮಗೆ

ಸ್ಯಾಟಲೈಟ್ ಮಾರ್ಗದರ್ಶನ ಮತ್ತು ಆಟೊ ಸ್ಟೀರಿಂಗ್‌ನಿಂದ ಶುರು ಮಾಡಿ. ಈ ಎಲ್ಲದರಲ್ಲಿ ಹೆಚ್ಚು ಪಳಗಿದ ತಂತ್ರ ಇದೇ. 2000ರ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕು ಮಾಡುವುದನ್ನು ನಿಲ್ಲಿಸಿತು. ಅಲ್ಲಿಂದ ಇದು ಹೊಲಕ್ಕೆ ಸುಲಭವಾಯಿತು. ಮೊಬೈಲ್‌ನಲ್ಲಿ ಸಿಗುವ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ. ಆರ್‌ಟಿಕೆ ಎಂಬ ತಿದ್ದುಪಡಿ ಸಂಕೇತ ಸೇರಿಸಿದರೆ ಎರಡು ಎರಡೂವರೆ ಸೆಂಟಿಮೀಟರ್ ಒಳಗೆ ನಿಲ್ಲುತ್ತದೆ.

ಲಾಭ ಎಲ್ಲಿ? ಸಾಲಿನ ಮೇಲೆ ಸಾಲು ಹೋಗುವುದು ತಪ್ಪುತ್ತದೆ. 2 ಮೀಟರ್ ಸಾಧನದಲ್ಲಿ ಪ್ರತಿ ಸಾಲಿಗೂ 20 ಸೆಂ.ಮೀ. ಮೇಲೆ ಬಿದ್ದರೆ ಡೀಸೆಲ್, ಬೀಜ, ಸಮಯದಲ್ಲಿ ಹತ್ತರಲ್ಲಿ ಒಂದು ಪಾಲು ಪೋಲು. ಚಾಲಕನ ಸುಸ್ತೂ ಕಡಿಮೆಯಾಗುತ್ತದೆ. ಇಡೀ ಟ್ರ್ಯಾಕ್ಟರ್ ಬದಲಿಸಬೇಕಿಲ್ಲ. ಹಳೆಯದಕ್ಕೇ ಮೋಟಾರ್ ಇರುವ ಸ್ಟೀರಿಂಗ್ ಚಕ್ರ ಕೂರಿಸುವ ಕಿಟ್‌ಗಳಿವೆ. ಆದರೆ ಎರಡು ವಿಷಯ ಮೊದಲೇ ವಿಚಾರಿಸಿ. ನಿಮ್ಮ ಹೊಲದಲ್ಲಿ ತಿದ್ದುಪಡಿ ಸಂಕೇತ ಸಿಗುತ್ತದೆಯೇ? ಅದಕ್ಕೆ ವರ್ಷ ವರ್ಷ ಚಂದಾ ಕಟ್ಟಬೇಕೇ?

ಕ್ಯಾಮೆರಾ ಸ್ಪ್ರೇಯರ್‌ನಲ್ಲಿ ಎರಡು ಬಗೆ. ಬರೀ ಮಣ್ಣಿನ ಮೇಲಿನ ಹಸಿರನ್ನು ಗುರುತಿಸುವುದು ಒಂದು. ಹಸಿರು ಬೆಳೆಯ ನಡುವೆ ಹಸಿರು ಕಳೆಯನ್ನು ಬೇರ್ಪಡಿಸುವುದು ಇನ್ನೊಂದು. ಎರಡನೆಯದು ಕಷ್ಟದ ಕೆಲಸ. ಸಾವಿರಾರು ಚಿತ್ರಗಳಿಂದ ಕಲಿತ ಕಂಪ್ಯೂಟರ್ ಬೇಕು. ಅಮೆರಿಕದ ಕೃಷಿ ಯಂತ್ರ ಕಂಪನಿ ಜಾನ್ ಡೀರ್ 2017ರಲ್ಲಿ ಬ್ಲೂ ರಿವರ್ ಟೆಕ್ನಾಲಜಿ ಎಂಬ ಕಂಪನಿಯನ್ನು ಕೊಂಡದ್ದು ಇದಕ್ಕಾಗಿಯೇ. ಉಳಿತಾಯ ಪೂರ್ತಿ ನಿಮ್ಮ ಹೊಲದ ಕಳೆಯ ಮೇಲೆ ನಿಂತಿದೆ. ಅಲ್ಲೊಂದು ಇಲ್ಲೊಂದು ಕಳೆ ಇದ್ದರೆ ಔಷಧಿ ತುಂಬಾ ಉಳಿಯುತ್ತದೆ. ಹೊಲವೆಲ್ಲ ಕಳೆ ಹಾಸಿದ್ದರೆ ಏನೂ ಉಳಿಯದು. ನಿಮ್ಮ ಬೆಳೆಯ ಮೇಲೆ ಅದಕ್ಕೆ ತರಬೇತಿ ಆಗಿದೆಯೇ ಎಂದು ಕೇಳಿ. ಜೋಳಕ್ಕೆ ಕಲಿತದ್ದು ಕಡಲೆಗೆ ಬರುವುದಿಲ್ಲ.

ಡ್ರೋನ್ ಹೊಸದೇನಲ್ಲ. ಜಪಾನಿನ ಯಮಹಾ ಕಂಪನಿ 1987ರಲ್ಲೇ ಔಷಧಿ ಹೊಡೆಯುವ ಚಾಲಕರಹಿತ ಹೆಲಿಕಾಪ್ಟರ್ ತಂದಿತ್ತು. ಈಗ ಬ್ಯಾಟರಿ ಡ್ರೋನ್‌ಗಳು ಅಗ್ಗವಾಗಿ ಹರಡುತ್ತಿವೆ. ಕೆಸರು ಗದ್ದೆ, ಇಳಿಜಾರು, ಎತ್ತರ ಬೆಳೆದ ಬೆಳೆ ಇಲ್ಲೆಲ್ಲ ಅದು ನಿಜವಾಗಿಯೂ ಉಪಯೋಗಿ. ಚಕ್ರ ಇಳಿಯದ ಕಡೆ ಕೆಲಸ ಆಗುತ್ತದೆ, ಬೆನ್ನಿಗೆ ಟ್ಯಾಂಕ್ ಹೊತ್ತು ಔಷಧಿಯ ಮಂಜಿನಲ್ಲಿ ನಡೆಯುವುದು ತಪ್ಪುತ್ತದೆ. ಆದರೆ ಲೆಕ್ಕ ನೋಡಿ. 10 ಲೀಟರ್ ಟ್ಯಾಂಕ್, ಎಕರೆಗೆ 5 ಲೀಟರ್ ಹೊಡೆದರೆ ಒಂದು ಹಾರಾಟಕ್ಕೆ 2 ಎಕರೆ. ಭಾರ ಹೊತ್ತಾಗ ಒಂದು ಬ್ಯಾಟರಿ ಹತ್ತು ನಿಮಿಷದ ಆಸುಪಾಸು ಬರುತ್ತದೆ. ಹಾಗಾಗಿ ಹಲವು ಬ್ಯಾಟರಿ, ವೇಗದ ಚಾರ್ಜರ್, ಹೊಲದಲ್ಲಿ ಜನರೇಟರ್ ಎಲ್ಲ ಸೇರಿಸಿ ಬೆಲೆ ಕಟ್ಟಬೇಕು. ನೀರು ಕಡಿಮೆ, ಔಷಧಿ ಗಾಢ, ಹನಿ ಸಣ್ಣ. ಗಾಳಿ ಇದ್ದರೆ ಪಕ್ಕದವರ ಹೊಲಕ್ಕೆ ಹೋಗಿ ಬೀಳುತ್ತದೆ. ಆ ಔಷಧಿಯ ಲೇಬಲ್ ಡ್ರೋನ್ ಬಳಕೆಯನ್ನು ಒಪ್ಪಿದೆಯೇ, ಹಾರಿಸಲು ಪರವಾನಗಿ ಬೇಕೇ ಎಂದು ಕೊಳ್ಳುವ ಮೊದಲೇ ತಿಳಿದುಕೊಳ್ಳಿ.

ಬ್ಯಾಟರಿ ಟ್ರ್ಯಾಕ್ಟರ್ ಬಗ್ಗೆ ತುಂಬಾ ಜನ ಕೇಳುತ್ತಾರೆ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ (ಕಿಲೋವಾಟ್-ಅವರ್) ಶಕ್ತಿ ಇದೆ. ಎಂಜಿನ್ ಅದರಲ್ಲಿ ಮೂರನೇ ಒಂದು ಪಾಲಿನಷ್ಟನ್ನು ಶಾಫ್ಟ್‌ಗೆ ಕೊಡುತ್ತದೆ. ಅಂದರೆ ದಿನಕ್ಕೆ 50 ಲೀಟರ್ ಕುಡಿಯುವ ಉಳುಮೆ ಕೆಲಸಕ್ಕೆ 150 ಯೂನಿಟ್‌ಗೂ ಮೀರಿದ ಬ್ಯಾಟರಿ ಬೇಕು. ಎರಡು ಮೂರು ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಯಷ್ಟು ಆಯಿತು. ಆದ್ದರಿಂದ ಇಡೀ ದಿನದ ಉಳುಮೆಗೆ ಸದ್ಯಕ್ಕೆ ಡೀಸೆಲ್ಲೇ. ತೋಟದ ಸಾಲಿನಲ್ಲಿ, ಕೊಟ್ಟಿಗೆಯಲ್ಲಿ, ಗ್ರೀನ್‌ಹೌಸ್ ಒಳಗೆ, ಆಗಾಗ ನಿಂತು ಓಡುವ ಹಗುರ ಕೆಲಸಕ್ಕೆ ಬ್ಯಾಟರಿ ತುಂಬಾ ಚೆನ್ನ. ಹೊಗೆ ಇಲ್ಲ, ಸದ್ದು ಕಡಿಮೆ. ಸೋಲಾರ್ ಇದ್ದವರಿಗೆ ಇನ್ನೂ ಲಾಭ.

ಪೂರ್ತಿ ಚಾಲಕರಹಿತ ಟ್ರ್ಯಾಕ್ಟರ್‌ಗಳು, ಕಳೆ ರೋಬೋಟ್‌ಗಳು ಬಯಲಿನ ದೊಡ್ಡ ಹೊಲ ಮತ್ತು ಬೆಲೆಬಾಳುವ ತರಕಾರಿ ಬೆಳೆಗಳಲ್ಲಿ ಮೊದಲು ಕಾಲೂರುತ್ತಿವೆ. ನೀವು ಆ ಗುಂಪಿನಲ್ಲಿ ಇಲ್ಲದಿದ್ದರೆ ಕಾಯುವುದರಲ್ಲಿ ನಷ್ಟ ಇಲ್ಲ. ಹೈನುಗಾರಿಕೆ ಬೇರೆ ಮಾತು. ಅಲ್ಲಿ ಹಾಲು ಕರೆಯುವ ರೋಬೋಟ್ 1992ರಿಂದ ಕೆಲಸ ಮಾಡುತ್ತಿದೆ.

5. ರಿಪೇರಿ ಯಾರು ಮಾಡುತ್ತಾರೆ, ಮಾಹಿತಿ ಯಾರದು

ಈಗಿನ ಯಂತ್ರದಲ್ಲಿ ಕಬ್ಬಿಣದಷ್ಟೇ ಸಾಫ್ಟ್‌ವೇರ್ ಇದೆ. ಒಂದು ಸೆನ್ಸರ್ ಬದಲಿಸಿದರೂ ಕಂಪನಿಯ ಲ್ಯಾಪ್‌ಟಾಪ್ ಬಂದು ಒಪ್ಪಿಗೆ ಕೊಡುವವರೆಗೆ ಯಂತ್ರ ನಿಂತೇ ಇರಬಹುದು. ಕಟಾವಿನ ವಾರದಲ್ಲಿ ಇದು ಹೊಟ್ಟೆ ಉರಿಸುವ ಸಂಗತಿ. ಅಮೆರಿಕದ ರೈತರು ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದಾರೆ. ಕೊಲರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರ ರಿಪೇರಿ ಹಕ್ಕಿನ ಕಾನೂನು ಮಾಡಿತು. 2024ರ ಜನವರಿಯಿಂದ ಅದು ಜಾರಿಗೆ ಬಂತು. ನಿಮ್ಮಲ್ಲಿ ಅಂಥ ಕಾನೂನು ಇರಲಿ ಬಿಡಲಿ, ಕೊಳ್ಳುವ ಮೊದಲು ಈ ಪ್ರಶ್ನೆಗಳಿಗೆ ಉತ್ತರವನ್ನು ಬರಹದಲ್ಲಿ ಪಡೆಯಿರಿ:

- ಎರರ್ ಕೋಡ್‌ಗಳನ್ನು ನಾನೇ ಓದಿ ಅಳಿಸಬಹುದೇ? ರಿಪೇರಿ ಪುಸ್ತಕ ಸಿಗುತ್ತದೆಯೇ?
- ಫಿಲ್ಟರ್, ಬೆಲ್ಟ್, ಬೇರಿಂಗ್ ಎಷ್ಟು ದಿನದಲ್ಲಿ ಕೈಗೆ ಬರುತ್ತವೆ?
- ಚಂದಾ ನಿಲ್ಲಿಸಿದರೆ ಯಾವ ಕೆಲಸಗಳು ನಿಲ್ಲುತ್ತವೆ?
- ನನ್ನ ಹೊಲದ ನಕ್ಷೆ, ಇಳುವರಿ ಮಾಹಿತಿಯನ್ನು ಬೇರೆ ಕಂಪನಿಯ ಸಾಫ್ಟ್‌ವೇರ್‌ಗೆ ಒಯ್ಯಬಹುದೇ?
- ಸೆಕೆಂಡ್ ಹ್ಯಾಂಡ್ ಮಾರಿದರೆ ಸಾಫ್ಟ್‌ವೇರ್ ಪರವಾನಗಿ ಹೊಸಬರಿಗೆ ಹೋಗುತ್ತದೆಯೇ?

ಟ್ರ್ಯಾಕ್ಟರ್ ಒಂದು ಕಂಪನಿಯದು, ಸಾಧನ ಇನ್ನೊಂದರದು ಆಗಿದ್ದರೆ ಐಸೊಬಸ್ ಇದೆಯೇ ನೋಡಿ. ಐಎಸ್‌ಒ 11783 ಎಂಬ, ಟ್ರ್ಯಾಕ್ಟರ್ ಮತ್ತು ಸಾಧನ ಪರಸ್ಪರ ಮಾಹಿತಿ ಕೊಟ್ಟುಕೊಳ್ಳುವ ಮಾನದಂಡ ಅದು. ಇದ್ದರೆ ಒಂದೇ ಪರದೆಯಲ್ಲಿ ಎಲ್ಲವನ್ನೂ ನಡೆಸಬಹುದು. ಹೊಸ ಡೀಸೆಲ್ ಎಂಜಿನ್‌ಗಳಲ್ಲಿ ಹೊಗೆ ಶುದ್ಧ ಮಾಡಲು ಡಿಇಎಫ್ ದ್ರಾವಣ ಬೇಕಾಗಬಹುದು. ಅದರಲ್ಲಿ ಶೇ 32.5ರಷ್ಟು ಯೂರಿಯಾ ಇರುತ್ತದೆ ಎಂದು ಗೊಬ್ಬರದ ಯೂರಿಯಾವನ್ನು ನೀರಲ್ಲಿ ಕಲಸಿ ಹಾಕಬೇಡಿ. ಅದರ ಕಲ್ಮಶ ಸೇರಿ ಇಡೀ ವ್ಯವಸ್ಥೆ ಕೆಡುತ್ತದೆ.

6. ಡೆಮೊ ನಿಮ್ಮ ಹೊಲದಲ್ಲೇ ಆಗಲಿ, ಅಳೆಯಲು ಟೇಪು ಇರಲಿ

ಷೋರೂಮ್ ಎದುರಿನ ಸಮತಟ್ಟು ಜಾಗದ ಡೆಮೊ ಏನೂ ಹೇಳುವುದಿಲ್ಲ. ನಿಮ್ಮ ಹೊಲದ ಅತಿ ಕಷ್ಟದ ಮೂಲೆಗೆ ಕರೆದುಕೊಂಡು ಹೋಗಿ.

ಟ್ರ್ಯಾಕ್ಟರ್ ಆದರೆ ಚಕ್ರ ಜಾರುವುದನ್ನು ಅಳೆಯಿರಿ. ಹಿಂದಿನ ಟೈರ್ ಮೇಲೆ ಸುಣ್ಣದ ಗುರುತು ಹಾಕಿ. ಸಾಧನ ಮೇಲೆತ್ತಿ 10 ಸುತ್ತು ಓಡಿಸಿ ದೂರ ಅಳೆಯಿರಿ. ಮತ್ತೆ ಅದೇ ಹೊಲದಲ್ಲಿ ಸಾಧನ ಮಣ್ಣಿಗಿಳಿಸಿ 10 ಸುತ್ತು. ಮೊದಲು 45 ಮೀಟರ್, ಆಮೇಲೆ 39.6 ಮೀಟರ್ ಬಂದರೆ ಶೇ 12ರಷ್ಟು ಜಾರಿದೆ. ಶೇ 8ರಿಂದ 15ರವರೆಗೆ ಒಳ್ಳೆಯದು. ಅದಕ್ಕಿಂತ ಜಾಸ್ತಿಯಾದರೆ ಡೀಸೆಲ್ಲೂ ಟೈರೂ ಸವೆಯುತ್ತವೆ. ತೀರಾ ಕಡಿಮೆ ಇದ್ದರೆ ಬೇಕಿಲ್ಲದ ಭಾರ ಹೊತ್ತು ಓಡುತ್ತಿದೆ ಎಂದರ್ಥ, ಸೇರಿಸಿದ ತೂಕ ತೆಗೆಯಿರಿ.

ಕಟಾವು ಯಂತ್ರದಲ್ಲಿ ಹಿಂದೆ ಬೀಳುವ ಕಾಳನ್ನು ಎಣಿಸಿ. ಯಂತ್ರ ಹೋದ ಮೇಲೆ ಒಂದು ಚದರ ಮೀಟರ್ ಜಾಗದಲ್ಲಿ ಹೊಟ್ಟನ್ನು ಸರಿಸಿ ಕಾಳು ಆರಿಸಿ ತೂಗಿ. ಒಂದು ಗ್ರಾಂ ಸಿಕ್ಕರೆ ಎಕರೆಗೆ ಸುಮಾರು 4 ಕೆ.ಜಿ. ನಷ್ಟ. ಬೇರೆ ಬೇರೆ ಜಾಗದಲ್ಲಿ ಮಾಡಿ ಸರಾಸರಿ ತೆಗೆಯಿರಿ. ಕಟಾವಿಗೆ ಮುಂಚೆಯೇ ಉದುರಿದ ಕಾಳನ್ನು ಕಳೆಯಲು ಮರೆಯಬೇಡಿ. ಬಾಡಿಗೆ ಯಂತ್ರಕ್ಕೂ ಇದನ್ನು ಮಾಡಿ. ನಷ್ಟ ಜಾಸ್ತಿ ಇದ್ದರೆ ವೇಗ ಇಳಿಸಿ, ಫ್ಯಾನ್ ಮತ್ತು ಜರಡಿ ಸರಿ ಮಾಡಿ ಎಂದು ಹೇಳುವ ಹಕ್ಕು ನಿಮಗಿದೆ. ತೂಕದ ಚೀಟಿ ಕೈಯಲ್ಲಿದ್ದರೆ ವಾದ ಬೇಕಾಗುವುದಿಲ್ಲ.

7. ಕೆಲಸಕ್ಕೆ ಇಳಿಸುವ ಮೊದಲು ಅಳತೆ ಹೊಂದಿಸಿ

ಕೂರಿಗೆ: ಚಕ್ರವನ್ನು ನೆಲದಿಂದ ಎತ್ತಿ ಕೊಳವೆಗಳಿಗೆ ಚೀಲ ಕಟ್ಟಿ. ಚಕ್ರದ ವ್ಯಾಸ 60 ಸೆಂ.ಮೀ. ಇದ್ದರೆ 20 ಸುತ್ತಿಗೆ ಸುಮಾರು 37.7 ಮೀಟರ್. ಕೂರಿಗೆ ಅಗಲ 1.8 ಮೀಟರ್ ಆದರೆ ಸುಮಾರು 68 ಚದರ ಮೀಟರ್ ಬಿತ್ತಿದಂತೆ. ಎಕರೆಗೆ 4,047 ಚದರ ಮೀಟರ್. ಚೀಲದಲ್ಲಿ ಬಿದ್ದ ಬೀಜವನ್ನು 60ರಿಂದ ಗುಣಿಸಿದರೆ ಎಕರೆಯ ಪ್ರಮಾಣ ಬರುತ್ತದೆ. ಹೊಲದಲ್ಲಿ ಚಕ್ರ ಸ್ವಲ್ಪ ಜಾರುವುದರಿಂದ ಬೀಜ ತುಸು ಕಡಿಮೆ ಬೀಳುತ್ತದೆ. ಅಷ್ಟು ಹೆಚ್ಚಿಗೆ ಇಡಿ. ಪ್ರತಿ ಕೊಳವೆಯ ಚೀಲವನ್ನೂ ಬೇರೆ ಬೇರೆ ತೂಗಿದರೆ ಯಾವುದು ಕಟ್ಟಿಕೊಂಡಿದೆ ಎಂಬುದೂ ತಿಳಿಯುತ್ತದೆ.

ಸ್ಪ್ರೇಯರ್: ಒಂದು ನಾಜಲ್‌ನಿಂದ ಒಂದು ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆ ಅಳೆಯಿರಿ. ಅದನ್ನು 600ರಿಂದ ಗುಣಿಸಿ. ವೇಗ ಮತ್ತು ನಾಜಲ್‌ಗಳ ನಡುವಿನ ಅಂತರ, ಇವೆರಡರ ಗುಣಲಬ್ಧದಿಂದ ಭಾಗಿಸಿ. ನಿಮಿಷಕ್ಕೆ 0.8 ಲೀಟರ್, ಗಂಟೆಗೆ 6 ಕಿ.ಮೀ., ಅಂತರ ಅರ್ಧ ಮೀಟರ್ ಆದರೆ ಹೆಕ್ಟೇರಿಗೆ 160 ಲೀಟರ್, ಎಕರೆಗೆ ಸುಮಾರು 65. ಹೊಸ ನಾಜಲ್‌ಗಿಂತ ಶೇ 10 ಜಾಸ್ತಿ ನೀರು ಬಿಡುತ್ತಿದ್ದರೆ ಅದು ಸವೆದಿದೆ, ಬದಲಿಸಿ. ಇಡೀ ಹೊಲಕ್ಕೆ ಹೋಗುವ ಔಷಧಿಯ ಮುಂದೆ ನಾಜಲ್ ಬೆಲೆ ಏನೂ ಅಲ್ಲ.

8. ಜೀವದ ಮಾತು

540 ಸುತ್ತಿನ ಪಿಟಿಒ ಶಾಫ್ಟ್ ಒಂದು ಸೆಕೆಂಡಿಗೆ 9 ಸಲ ತಿರುಗುತ್ತದೆ. ಸೆರಗೋ, ಟವೆಲ್ಲೋ ಸಿಕ್ಕಿಕೊಂಡರೆ ಎಳೆದು ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಶಾಫ್ಟ್ ಕವಚ ಒಡೆದಿದ್ದರೆ ಆ ದಿನ ಯಂತ್ರ ನಿಲ್ಲಿಸಿ. ಕಟ್ಟಿಕೊಂಡದ್ದನ್ನು ಬಿಡಿಸುವ ಮೊದಲು ಎಂಜಿನ್ ಆಫ್, ಕೀಲಿ ಜೇಬಿಗೆ. ಟ್ರ್ಯಾಕ್ಟರ್ ಮಗುಚಿದಾಗ ಕಾಪಾಡುವ ರೋಪ್ಸ್ ಚೌಕಟ್ಟು ಇರುವ ಮಾಡೆಲ್ಲನ್ನೇ ತನ್ನಿ. ಚೌಕಟ್ಟು ಎತ್ತಿ ನಿಲ್ಲಿಸಿದ್ದಾಗ ಸೀಟ್ ಬೆಲ್ಟ್ ಕಟ್ಟಲೇಬೇಕು. ಮಡಚಿದ್ದಾಗ ಕಟ್ಟಬಾರದು. ಮಕ್ಕಳನ್ನು ಮಡ್‌ಗಾರ್ಡ್ ಮೇಲೆ ಕೂರಿಸಿಕೊಂಡು ಹೋಗುವುದು ಬೇಡವೇ ಬೇಡ.

9. ಹಂಗಾಮು ಮುಗಿದ ದಿನವೇ ಮಾಡಬೇಕಾದದ್ದು

ಮುಂದಿನ ತಿಂಗಳು ನೋಡೋಣ ಎಂದರೆ ಆಗುವುದಿಲ್ಲ. ಸ್ಪ್ರೇಯರ್‌ಗೆ ಮೂರು ಸಲ ಶುದ್ಧ ನೀರು ಹಾಯಿಸಿ, ನಾಜಲ್ ಬಿಚ್ಚಿ ತೊಳೆಯಿರಿ. ಕೂರಿಗೆಯಲ್ಲಿ ಉಳಿದ ಗೊಬ್ಬರ ಪೂರ್ತಿ ತೆಗೆಯಿರಿ. ಅದು ತೇವ ಎಳೆದು ಕಬ್ಬಿಣ ತಿನ್ನುತ್ತದೆ. ಬೆಲ್ಟ್‌ಗಳನ್ನು ಸಡಿಲ ಮಾಡಿ. ಕಟಾವು ಯಂತ್ರದ ಒಳಗಿನ ಕಾಳು, ಹೊಟ್ಟು ತೆಗೆಯದಿದ್ದರೆ ಇಲಿ ಸೇರಿ ವೈರ್ ಕಡಿಯುತ್ತದೆ. ಹೊಸ ಯಂತ್ರಗಳಲ್ಲಿ ವೈರ್ ರಿಪೇರಿಯಷ್ಟು ತಲೆನೋವು ಬೇರೆ ಇಲ್ಲ. ಲಿಥಿಯಂ ಬ್ಯಾಟರಿಗಳನ್ನು ಪೂರ್ತಿ ತುಂಬಿಸಿಯೂ ಇಡಬೇಡಿ, ಖಾಲಿ ಮಾಡಿಯೂ ಇಡಬೇಡಿ. ಅರ್ಧದ ಆಸುಪಾಸಿನಲ್ಲಿ ತಂಪಾದ ಜಾಗದಲ್ಲಿ ಇಡಿ. ಆಮೇಲೆ ಓಡಿದ ಗಂಟೆ, ಕುಡಿದ ಡೀಸೆಲ್, ಮುಗಿಸಿದ ಎಕರೆ, ನಿಂತ ದಿನ, ಹಾಕಿದ ಬಿಡಿಭಾಗ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಮೇಲಿನ 40 ಎಕರೆ ಲೆಕ್ಕವನ್ನು ಮುಂದಿನ ವರ್ಷ ಅಂದಾಜಿನ ಬದಲು ಈ ಅಂಕಿಗಳಿಂದಲೇ ಮಾಡಿ. ಬೇಕಾಗುವ ಬಿಡಿಭಾಗಗಳನ್ನು ಬಿಡುವಿನ ತಿಂಗಳಲ್ಲೇ ಆರ್ಡರ್ ಮಾಡಿ.